ಇಟಲಿಗೆ ಹೋಗದ ಅಕ್ಕಿಕಾಳು

ಇಟಲಿಯ ಸರೋವರವನ್ನು ನಾವು ಆರಿಸಿದ್ದು ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿರುವ ಒಂದು ಫೋಟೊ ಸ್ಟುಡಿಯೋದಲ್ಲಿ ಕೂತು. ಬಾಗಿಲಿಗೆ ಕಪ್ಪು ಪರದೆ ಎಳೆದಿತ್ತು. ಸದ್ದಿಗೆ ಮಾತು ಕೇಳುವುದಿಲ್ಲವೆಂದು ಫ್ಯಾನನ್ನೂ ನಿಲ್ಲಿಸಿದ್ದರು. ಗೋಡೆಯ ದೊಡ್ಡ ಟಿವಿಯಲ್ಲಿ ನೀಲಿ ನೀರು, ನೀರಿನಾಚೆ ಹಿಮದ ಗುಡ್ಡ. ಈಚೆ ಬೆವರಿನಲ್ಲಿ ತೋಯ್ದ ನಾವು. ಸಾಹುಕಾರರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, ಇಷ್ಟು ನೀರು ಇಟ್ಟುಕೊಂಡು ಆ ಮಂದಿ ಒಂದು ಕಾಲುವೆಯನ್ನೂ ಯಾಕೆ ತೆಗೆದಿಲ್ಲ ಎಂದು ಕೇಳಿದರು. ಕಾಲುವೆ ತೋಡಿಸುವ ಗುತ್ತಿಗೆ ಹಿಡಿದೇ ಸಾಹುಕಾರರಾದವರು ಅವರು. ನೀರು ಕಂಡರೆ ಅವರಿಗೆ ಬೇರೆ ಯೋಚನೆ ಬರುವುದಿಲ್ಲ.

ನಾನು ಆ ಸ್ಟುಡಿಯೋದಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತಿದ್ದೆ. ಅದು ಹೊಟ್ಟೆಗೆ. ಕೀರ್ತಿಗೆ ಮಿಮಿಕ್ರಿ ಇತ್ತು. ಯಾದಗಿರಿಯಿಂದ ಸುರಪುರದವರೆಗೆ ಯಾವ ರಿಸೆಪ್ಶನ್ನಿನಲ್ಲಿ ಮೈಕು ಕೈಗೆ ಸಿಕ್ಕರೂ ನಾನು ಬಿಡುತ್ತಿರಲಿಲ್ಲ. ವಡಗೇರಾ ಬಸ್ಸಿನ ಕಂಡಕ್ಟರು, ಕಾಲುವೆಯ ಗೇಟು ಎತ್ತುವವನು, ಓಟು ಕೇಳಲು ಬಂದು ಮಾತಿಗಿಂತ ಹೆಚ್ಚು ಕೆಮ್ಮುವ ಮುಖಂಡರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಇದ್ದರು. ನನ್ನ ಸ್ವಂತ ದನಿ ಯಾವುದೆಂದು ಯಾರಾದರೂ ಕೇಳಿದ್ದರೆ ಹುಡುಕಬೇಕಾಗುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಮದುವೆ ಸಾಹುಕಾರರ ಒಬ್ಬಳೇ ಮಗಳದು. ಅವಳು ಹುಟ್ಟಿದ ತಿಂಗಳಲ್ಲೇ ಅವಳ ತಾಯಿ ತೀರಿಕೊಂಡಿದ್ದರು. ಆಗ ನಮ್ಮವ್ವ ಅವರ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದಳು, ಬಗಲಲ್ಲಿ ನಾನಿದ್ದೆ. ಸಾಹುಕಾರರ ತಾಯಿ ಕೂಸನ್ನು ತಂದು ಅವ್ವನ ಇನ್ನೊಂದು ಬಗಲಿಗೆ ಕೊಟ್ಟರಂತೆ. ಹಾಗೆ ಒಂದೇ ಎದೆಯ ಹಾಲನ್ನು ನಾವಿಬ್ಬರೂ ಹಂಚಿಕೊಂಡೆವು. ಹಂಚಿಕೆಯಲ್ಲಿ ಮೋಸವಾಗಿದೆ ಎಂಬುದು ನನ್ನ ಹಳೆಯ ತಕರಾರು. ಅವಳು ಡಿಗ್ರಿ ಪಾಸಾದಳು, ನಾನು ಪಿಯುಸಿಯಲ್ಲೇ ಡುಮ್ಕಿ ಹೊಡೆದೆ. ನಮ್ಮಿಬ್ಬರ ಎತ್ತರ ನೋಡಿದರೂ ಹಾಲು ಯಾವ ಕಡೆ ಹರಿಯಿತೆಂದು ತಿಳಿಯುತ್ತದೆ.

ಅವಳು ನಮ್ಮವ್ವನನ್ನು ಅವ್ವ ಎಂದೇ ಕರೆಯುತ್ತಿದ್ದಳು. ಚಿಕ್ಕವಳಿದ್ದಾಗ ಯಾರ ಮದುವೆಗೆ ಹೋಗಿ ಬಂದರೂ, ತನ್ನ ಮದುವೆಯಲ್ಲಿ ಮೊದಲನೇ ಅಕ್ಕಿಕಾಳು ಅವ್ವನದೇ ಎಂದು ಹಟ ಹಿಡಿದು ಹೇಳುವಳು. ನಮ್ಮ ಕಡೆ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಆಯಿತೆನ್ನುವುದಿಲ್ಲ. ಅರಿಶಿನ ಹಚ್ಚಿದ ಅಕ್ಕಿ ಹಿರಿಯರ ಕೈಯಿಂದ ಇಬ್ಬರ ತಲೆಯ ಮೇಲೆ ಬೀಳಬೇಕು. ಮುಹೂರ್ತ ಎಷ್ಟು ಹೊತ್ತಿಗೆ ಎಂದು ಯಾರೂ ಕೇಳುವುದಿಲ್ಲ, ಅಕ್ಕಿಕಾಳು ಯಾವಾಗ ಎಂದೇ ಕೇಳುವುದು. ನಿಶ್ಚಯದ ದಿನವೂ ಅವಳು ಬೀಗರೆಲ್ಲರ ಎದುರು ಅದೇ ಮಾತು ಹೇಳಿದಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆಮೇಲೆ ಮನೆಗೆ ಬಂದು ಅಪ್ಪನಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಕೇಳಲು ಯಾರೂ ಉಳಿಯದಿದ್ದಾಗ ನನಗೂ ಹೇಳಿದಳು. ಅವಳಿಗೆ ಬೇರೇನೂ ಬೇಕಾಗಿರಲಿಲ್ಲ. ಆ ಒಂದು ಹಿಡಿ ಅಕ್ಕಿ ಸಾಕಿತ್ತು.

ಗಂಡಿನ ಕಡೆಯವರು ಹೈದರಾಬಾದಿನವರು. ಅವರ ಮನೆಯ ಹಿಂದಿನ ಮದುವೆ ರಾಜಸ್ಥಾನದ ಒಂದು ಕೋಟೆಯಲ್ಲಿ ಆಗಿತ್ತು. ಅದರ ಸಿನಿಮಾವನ್ನು ಬಂದವರಿಗೆಲ್ಲ ತೋರಿಸಿ ತೋರಿಸಿ, ಈ ಸಲ ಅದಕ್ಕಿಂತ ಮೇಲಿನದು ಬೇಕೆಂದು ಅವರಿಗೆ ಅನ್ನಿಸಿತ್ತು. ಮದುವೆ ಇರುವುದೇ ಕ್ಯಾಮೆರಾಕ್ಕೆ ಎಂಬುದು ಅವರಿಗೆ ನಮಗಿಂತ ಮುಂಚೆ ತಿಳಿದಿತ್ತು. ಇಂಥ ಮದುವೆಗಳನ್ನು ಮಾಡಿಸಿಕೊಡುವ ಕಂಪನಿಯ ಹುಡುಗಿಯೊಬ್ಬಳು ಹೈದರಾಬಾದಿನಿಂದ ಇಟಲಿಯ ಜಾಗಗಳ ವಿಡಿಯೊ ಕಳಿಸಿದಳು. ಸಾಹುಕಾರರದು ಒಂದೇ ಷರತ್ತು: ಕ್ಯಾಮೆರಾ ನಮ್ಮವನದೇ ಇರಬೇಕು. ನಮ್ಮ ಸ್ಟುಡಿಯೋ ಮಾಲಕ ಅವರ ಪ್ರತಿಯೊಂದು ಕಾಲುವೆಯ ಗುದ್ದಲಿ ಪೂಜೆಯನ್ನೂ ತೆಗೆದವನು. ಅವರ ಹೊಟ್ಟೆ ಕಾಣದ ಹಾಗೆ ಎಲ್ಲಿ ನಿಲ್ಲಬೇಕೆಂದು ಬಲ್ಲವನು. ಅವನೇ ಜಾಗ ಆರಿಸಲಿ ಎಂದರು.

ಅವತ್ತು ಪರದೆಯ ಒಳಗೆ ಕೂತವರು ಸಾಹುಕಾರರು, ಮದುಮಗಳು, ಸುರಪುರಕ್ಕೆ ಕೊಟ್ಟಿದ್ದ ಸಾಹುಕಾರರ ಅಕ್ಕ, ಮಾಲಕ, ನಾನು. ಮದುಮಗಳ ಜೊತೆ ಬಂದಿದ್ದ ಅವ್ವ ಬಾಗಿಲ ಬಳಿ ನೆಲದ ಮೇಲಿದ್ದಳು. ಕುರ್ಚಿ ಖಾಲಿಯಿತ್ತು. ಆ ಸೋದರತ್ತೆಯ ಎದುರು ಅವ್ವ ಕುರ್ಚಿಯಲ್ಲಿ ಕೂತದ್ದನ್ನು ನಾನು ಯಾವತ್ತೂ ನೋಡಿಲ್ಲ.

ಮೊದಲನೆಯದು ಹಳೆಯ ಮನೆ, ಊರಿಗೆ ಊರೇ ಕೂರುವಂಥ ತೋಟ. ಸಾಹುಕಾರರಿಗೆ ಹಿಡಿಸಿತು. ಮಾಲಕ ತಲೆ ಅಲ್ಲಾಡಿಸಿದ. ಗಿಡಗಳ ಕಪ್ಪು ಹಸಿರಿನಲ್ಲಿ ನಮ್ಮ ಮುಖಗಳು ಮುಳುಗಿ ಹೋಗುತ್ತವೆ, ಬರೀ ಹಲ್ಲು ಕಾಣುತ್ತವೆ ಎಂದ. ಎರಡನೆಯದು ಬಿಳಿ ಅರಮನೆ, ಮೆಟ್ಟಿಲುಗಳು ನೀರಿನವರೆಗೂ ಇಳಿದಿದ್ದವು. ಸೂರ್ಯ ಬೇಗ ಗುಡ್ಡದ ಹಿಂದೆ ಹೋಗುತ್ತಾನೆಂದು ಅದನ್ನೂ ತೆಗೆದು ಹಾಕಿದ. ವಿಡಿಯೊದಲ್ಲಿ ಆ ಮನೆಯ ಯಜಮಾನ ಎರಡೂ ಕೈಗಳಿಂದ ಮಾತಾಡುತ್ತಿದ್ದ. ನಾನು ಅವನ ಹಾಗೆ ಕೈಯಾಡಿಸಿ, ಇಟಲಿಯಂತೆ ಕೇಳುವ ಏನೋ ಒಂದನ್ನು ಬಡಬಡಿಸಿ ತೋರಿಸಿದೆ. ಎಲ್ಲರೂ ನಕ್ಕರು. ಸೋದರತ್ತೆ ನಗಲಿಲ್ಲ, ಆಕೆಯ ಮೂಗುತಿ ಮಾತ್ರ ಸ್ವಲ್ಪ ಅಲುಗಿತು.

ಮೂರನೆಯದು ಬಂದಾಗ ಮಾಲಕ ಎದ್ದು ನಿಂತ. ಸರೋವರದೊಳಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟೆ, ಹಿಂದೆ ಕಮಾನುಗಳು, ಮೂರು ಕಡೆ ನೀರು. ದೋಣಿಯಲ್ಲೇ ಹೋಗಬೇಕು. ಎಡಗಡೆಯಿಂದ ಮದುಮಗಳ ದೋಣಿ, ಸಂಜೆಯ ಬಿಸಿಲು ನೇರ ಮುಖಕ್ಕೆ, ಮೇಲೆ ಡ್ರೋನು, ಹಿಂದೆ ಗುಡ್ಡದ ಸಾಲು ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದ. ನಮ್ಮಲ್ಲೂ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ ಇದೆಯಲ್ಲ, ಕೆರೆಯೂ ಇದೆಯಲ್ಲ, ಅಲ್ಲೇ ಯಾಕೆ ತೆಗೆಯಬಾರದು ಎಂದೆ. ನಮ್ಮ ಕೆರೆಯಲ್ಲಿ ಎಮ್ಮೆ ಇರುತ್ತವೆ ಎಂದ. ಅವನ್ನೂ ಬೀಗರೆಂದುಕೊಂಡರಾಯಿತು ಬಿಡಿ ಎಂದು ನಾನು ಅಂದದ್ದಕ್ಕೆ ಮದುಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಕಂಪನಿಯ ಹುಡುಗಿ ಫೋನಿನಲ್ಲಿ ಒಂದು ಮಾತು ಸೇರಿಸಿದಳು. ಆ ಕಟ್ಟೆಯ ಮೇಲೆ ಹೆಚ್ಚು ಜನ ಹಿಡಿಯುವುದಿಲ್ಲ, ಎರಡೂ ಕಡೆಯವರು ಸೇರಿ ಬಹಳವೆಂದರೆ ಮೂವತ್ತು. ಸಾಹುಕಾರರ ಮುಖ ಸಣ್ಣದಾಯಿತು. ಅವರ ಅಕ್ಕನ ಮುಖ ಅರಳಿತು. ಯಾರನ್ನು ಕರೆಯಬಾರದೆಂದು ಬಾಯಿಬಿಟ್ಟು ಹೇಳಲಾರದ್ದನ್ನು ಒಂದು ಕಲ್ಲುಕಟ್ಟೆ ತಾನೇ ಹೇಳಿದರೆ ಅದಕ್ಕಿಂತ ಒಳ್ಳೆಯ ಜಾಗ ಜಗತ್ತಿನಲ್ಲಿ ಎಲ್ಲಿದೆ.

ಆಗ ಬಾಗಿಲ ಬಳಿಯಿಂದ ಅವ್ವ ಕೇಳಿದಳು, "ಅಕ್ಕಿಕಾಳ ಹಾಕೂ ಮಂದಿ ಎಲ್ಲಿ ನಿಂದರಬೇಕ್ರಿ ಅಲ್ಲಿ?"

"ಮಂದಿ ಯಾಕಬೇ, ನೀ ಒಬ್ಬಾಕಿ ನಿಂತರ ಸಾಕು," ಎಂದ ಮಾಲಕ. ಮದುಮಗಳು ಹೌದೆಂದು ಗೋಣು ಹಾಕಿದಳು. ಜಾಗ ನಿಶ್ಚಯವಾಯಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಇಟಲಿ ಶುರುವಾಯಿತು. ಅವ್ವನ ಪಾಸ್‌ಪೋರ್ಟಿಗೆ ಕಲಬುರಗಿಗೆ ಹೋಗಿ ಬಂದೆವು. ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ, ಮುಖಂಡರ ಕೆಮ್ಮು ಕೆಮ್ಮಿದ್ದಕ್ಕೆ ನನ್ನನ್ನೇ ಒಯ್ಯಲು ಬಂದಿದ್ದಾರೆಂದು ಓಣಿಯವರೆಲ್ಲ ಸೇರಿದರು. ಒಬ್ಬರ ಮುಖದಲ್ಲೂ ಬೇಸರವಿರಲಿಲ್ಲ. ಅಲ್ಲಿ ಥಂಡಿ ಎಂದು ಯಾರೋ ಹೇಳಿದ್ದಕ್ಕೆ ಅವ್ವ ಯಾದಗಿರಿಯಲ್ಲಿ ಬಟ್ಟೆಯ ಬೂಟು ಕೊಂಡಳು, ಸಾಕ್ಸೂ ಕೊಂಡಳು. ಹುಟ್ಟಿದಂದಿನಿಂದ ಚಪ್ಪಲಿಯನ್ನು ಕಾಲಿಗಿಂತ ಕೈಯಲ್ಲಿ ಹೆಚ್ಚು ಹಿಡಿದವಳು, ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಬೂಟು ಹಾಕಿಕೊಂಡು ನಡೆಯುವುದನ್ನು ಕಲಿತಳು. ಬಾತುಕೋಳಿಯ ಹಾಗೆ ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದಳು. ನಾನು ಹಿಂದೆ ಅದೇ ನಡಿಗೆ ನಡೆಯುತ್ತಿದ್ದೆ. ಅಪ್ಪ ಗದ್ದೆಗೆ ನೀರು ಬಿಡುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದ.

ಹೊರಡುವ ಮುಂಚೆ ಮಾಲಕ ಸ್ಟುಡಿಯೋದ ಮಾಳಿಗೆಯ ಮೇಲೆ ಒಂದು ತಾಲೀಮು ಇಟ್ಟ. ಚಾಕ್‌ಪೀಸಿನಲ್ಲಿ ಕಟ್ಟೆಯನ್ನು ಬರೆದ. ಗೆರೆಯಾಚೆ ಎಲ್ಲ ಸರೋವರ. ಮದುಮಗನಾಗಿ ನನ್ನನ್ನು ನಿಲ್ಲಿಸಿದ. ಎತ್ತರ ಸಾಲದೆಂದು ಕಾಲಡಿಗೆ ಒಂದು ಇಟ್ಟಂಗಿ ಇಟ್ಟ. ಮದುಮಗಳು, ಸಾಹುಕಾರರು, ಅವರ ಅಕ್ಕ ತಮ್ಮ ತಮ್ಮ ಜಾಗದಲ್ಲಿ ನಿಂತರು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಕೆಳಗೆ ಬೂಟು ಹಾಕಿಕೊಂಡು ಬಂದಿದ್ದಳು. ಮದುಮಗಳ ಬಲಕ್ಕೆ ಅವಳ ಜಾಗ. ಮಾಲಕ ಕ್ಯಾಮೆರಾದೊಳಗೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿಯಲು ಹೇಳಿದ. ಮತ್ತೆ ನೋಡಿ ಇನ್ನೊಂದು ಹೆಜ್ಜೆ. ಇನ್ನೂ ಒಂದು ಹೆಜ್ಜೆ ಸರಿದರೆ ಅವ್ವ ಸರೋವರಕ್ಕೆ ಬೀಳುತ್ತಾಳೆ ಎಂದೆ. ಕೈಯೊಂದು ಚೌಕಟ್ಟಿನೊಳಗೆ ಬಂದರೆ ಸಾಕು, ಆಳು ಬೇಕಾಗಿಲ್ಲ ಎಂದ.

ಮದುಮಗಳ ಮೇಲೆ ಕಾಳು ಎಷ್ಟು ಹೊತ್ತು ಬೀಳಬೇಕೆಂದು ಕೇಳಲು ಅವನು ಕಂಪನಿಯ ಹುಡುಗಿಗೆ ಫೋನು ಹಚ್ಚಿದ, ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದ. ಆ ಹುಡುಗಿ, ಯಾವ ಕಾಳು ಎಂದು ಕೇಳಿದಳು. ಅಕ್ಕಿ ಎಂದ. ಅಕ್ಕಿಗೆ ಅಲ್ಲಿ ಅವಕಾಶವಿಲ್ಲ ಎಂದಳು. ಕಲ್ಲಿನ ಮೇಲೆ ಕಾಲು ಜಾರುತ್ತದೆ, ಹಕ್ಕಿಗಳು ಮುತ್ತಿಕೊಳ್ಳುತ್ತವೆ, ಜಾಗದವರು ಮೊದಲೇ ಬರೆದು ತಿಳಿಸಿದ್ದಾರೆ, ಬೇಕಿದ್ದರೆ ಗುಲಾಬಿ ಎಸಳು ಎರಚಬಹುದು.

ಜಾಗ ಆರಿಸುವಾಗ ಬಿಸಿಲು ನೋಡಿದ್ದೆವು, ಗುಡ್ಡ ನೋಡಿದ್ದೆವು, ದೋಣಿ ಎಲ್ಲಿಂದ ಬರಬೇಕೆಂದು ನೋಡಿದ್ದೆವು. ಅಕ್ಕಿಕಾಳು ಬೀಳುತ್ತವೋ ಇಲ್ಲವೋ ಎಂದು ಕೇಳಲು ಯಾರಿಗೂ ಹೊಳೆದಿರಲಿಲ್ಲ. ಉಸಿರಾಡಲು ಅಲ್ಲಿ ಗಾಳಿ ಇದೆಯೇ ಎಂದು ಯಾರಾದರೂ ಕೇಳುತ್ತಾರೆಯೇ, ಹಾಗೆ.

ಮೊದಲು ಸುಧಾರಿಸಿಕೊಂಡವನು ಮಾಲಕ. ಒಳ್ಳೆಯದೇ ಆಯಿತು ಎಂದ. ಅಕ್ಕಿ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ, ಎಸಳಾದರೆ ಗಾಳಿಯಲ್ಲಿ ತೇಲಿಕೊಂಡು ಬರುತ್ತವೆ, ನಿಧಾನ ಮಾಡಿ ತೋರಿಸಿದರೆ ಸ್ವರ್ಗ ಎಂದ. ಆಮೇಲೆ ಸೋದರತ್ತೆ ಅವ್ವನ ಕಡೆ ನೋಡದೆ, ತಮ್ಮನ ಕಡೆ ನೋಡಿ ಹೇಳಿದರು.

"ಅಕ್ಕಿಕಾಳ ಇಲ್ಲಂದ ಮ್ಯಾಲ ಅಕಿ ಅಲ್ಲಿಗಿ ಬಂದು ಏನ್ ಮಾಡ್ತಾಳ?"

ಲೆಕ್ಕ ಸರಿಯಾಗಿಯೇ ಇತ್ತು, ಅದೇ ಅದರ ವಿಷ. ಸಾಹುಕಾರರು ಗುಡ್ಡದ ಕಡೆ ನೋಡಿದರು. ಮದುಮಗಳು "ಅತ್ತಿ" ಎಂದಳು. ಅಷ್ಟೇ ಎಂದಳು. ಮುಂದಿನ ಮಾತಿಗೆ ನಾನು ಇಟ್ಟಂಗಿಯ ಮೇಲೆ ನಿಂತೇ ಕಾದೆ. ಬರಲಿಲ್ಲ. ಅವ್ವ ತಾನೇ ಚಾಕ್‌ಪೀಸಿನ ಗೆರೆ ದಾಟಿ ಈಚೆ ಬಂದಳು. "ಹೌದ್ರಿ, ನಾ ಬಂದು ಏನ್ ಮಾಡ್ಲಿ. ಥಂಡಿ ಬ್ಯಾರೆ ಅಂತಾರ," ಎಂದಳು. ಮೂವತ್ತರಲ್ಲಿ ಖಾಲಿಯಾದ ಆ ಒಂದು ಜಾಗ ಡ್ರೋನು ಹಾರಿಸುವವನಿಗೆ ಹೋಯಿತು.

ಮರುದಿನ ಮದುಮಗಳು ಮನೆಗೆ ಬಂದು ಅವ್ವನ ಕೈ ಹಿಡಿದುಕೊಂಡು ಕೂತಳು. ಹಿಂದಿರುಗಿ ಬಂದ ಮೇಲೆ ಇಲ್ಲೇ ಹಾಕುವೆಯಂತೆ, ನಿನ್ನ ಕಾಳು ಬೀಳುವವರೆಗೆ ನನ್ನ ಮದುವೆ ಆದಂತಲ್ಲ ಎಂದಳು. ಅವ್ವ ಅವಳಿಗೆ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ಅವಳು ಕಾರಿನಲ್ಲಿ ಹೋದ ಮೇಲೆ ಬೂಟುಗಳನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು.

ಅವರು ಹೋದರು, ಬಂದರು. ಮಾಲಕ ಚಾಕಲೇಟು ತಂದ, ಸಿನಿಮಾ ತಂದ. ನಾನು ಕಪ್ಪು ಪರದೆಯೊಳಗೆ ಕೂತು ಅದನ್ನೆಲ್ಲ ಕತ್ತರಿಸಿದೆ. ಸುಳ್ಳು ಹೇಳಬಾರದು, ನೋಡಲು ಬಹಳ ಚೆನ್ನಾಗಿತ್ತು. ದೋಣಿ ಎಡಗಡೆಯಿಂದ ಬಂತು, ಬಿಸಿಲು ಮುಖಕ್ಕೆ ಬಿತ್ತು, ಎಸಳುಗಳು ಇಳಿಯಲು ಮನಸ್ಸಿಲ್ಲದ ಹಾಗೆ ಇಳಿದವು. ಸಾಹುಕಾರರ ಹೊಟ್ಟೆ ಎಲ್ಲಿಯೂ ಕಾಣಲಿಲ್ಲ.

ಅಷ್ಟರಲ್ಲಿ ಸುರಪುರದ ಹಿರಿಯರು ಮಾತು ತೆಗೆದಿದ್ದರು. ಅಕ್ಕಿಕಾಳು ಬೀಳದೆ ಹುಡುಗಿಯನ್ನು ಹೈದರಾಬಾದಿಗೆ ಕಳಿಸಿದ್ದಾರಂತೆ, ಅದು ಮದುವೆಯೋ ಪ್ರವಾಸವೋ ಎಂದು. ಶಹಾಪುರದ ಕಲ್ಯಾಣಮಂಟಪದಲ್ಲಿ ರಿಸೆಪ್ಶನ್ನು ಇನ್ನೂ ಆಗಬೇಕಿತ್ತು, ಅಲ್ಲಿ ದೊಡ್ಡ ಪರದೆಯ ಮೇಲೆ ಸಿನಿಮಾ ತೋರಿಸುವುದಿತ್ತು. ಎಲ್ಲರೂ ನೋಡುವುದು ಅದೊಂದನ್ನೇ. ಸೋದರತ್ತೆ ಸ್ಟುಡಿಯೋಕ್ಕೆ ಬಂದು ದಾರಿ ತೋರಿಸಿದರು. ಅಕ್ಕಿಕಾಳನ್ನು ಇಲ್ಲೇ ತೆಗೆಯುವುದು, ಹಿಂದೆ ಹಸಿರು ಬಟ್ಟೆ ಕಟ್ಟಿ, ಬಟ್ಟೆಯ ಜಾಗದಲ್ಲಿ ಸರೋವರ ಕೂರಿಸುವುದು. ಯಾರನ್ನು ಕರೆಯುವುದೆಂದು ಮಾಲಕ ಕೇಳಿದ್ದಕ್ಕೆ, ಅಕಿನ್ನೇ ಕರಿ, ಅಕಿಗೂ ಸಮಾಧಾನ ಆದೀತು ಎಂದರು.

ಅವ್ವ ಬಂದಳು. ಅದೇ ಇಳಕಲ್ ಸೀರೆ. ಸ್ಟುಡಿಯೋದವರು ಕೊಟ್ಟ ಅಕ್ಕಿ ಬೇಡವೆಂದು, ಮನೆಯಲ್ಲಿ ಅರಿಶಿನ ಹಚ್ಚಿದ ಅಕ್ಕಿಯನ್ನು ಸೆರಗಿನ ಗಂಟಿನಲ್ಲಿ ತಂದಿದ್ದಳು. ಹಸಿರು ಬಟ್ಟೆಯ ಮುಂದೆ ನಿಂತು ಸುತ್ತ ನೋಡಿದಳು.

"ಕೂಸು ಎಲ್ಲದ?" ಎಂದಳು.

ಕೂಸು ಹೈದರಾಬಾದಿನಲ್ಲಿದೆ, ರಿಸೆಪ್ಶನ್ನಿನ ದಿನ ನೇರವಾಗಿ ಬರುತ್ತದೆ ಎಂದು ಮಾಲಕ ಹೇಳಿದ. ಎದುರಿಗಿದ್ದ ಲೈಟಿನ ಕಂಬವನ್ನು ತೋರಿಸಿ, ಅದನ್ನೇ ಮದುಮಗಳು ಎಂದುಕೊಂಡು ಹಾಕು ಎಂದ. ಅವ್ವ ಕಂಬವನ್ನು ನೋಡಿದಳು. ತಲೆ ಇಲ್ಲದ್ದಕ್ಕೆ ಹಿಂಜರಿಯುತ್ತಿದ್ದಾಳೆ ಎಂದುಕೊಂಡ ಮಾಲಕ, ನನಗೆ ಇನ್ನೊಂದು ಹಸಿರು ಬಟ್ಟೆ ಹೊದಿಸಿ ಕಂಬದ ಜಾಗದಲ್ಲಿ ಕೂರಿಸಿದ. ನಾನು ಸಿನಿಮಾದಲ್ಲಿ ಕಾಣುವುದಿಲ್ಲ, ಅವ್ವನಿಗೆ ಒಂದು ತಲೆ ಸಿಕ್ಕಂತಾಗುತ್ತದೆ. ಜಗತ್ತಿನವರ ವೇಷವೆಲ್ಲ ಹಾಕಿದ್ದೆ, ಇಲ್ಲದವಳ ವೇಷ ಅದೇ ಮೊದಲು. ಬಟ್ಟೆಯೊಳಗಿಂದ ಮದುಮಗಳ ದನಿಯಲ್ಲಿ, "ಹಾಕವ್ವ, ಹೊತ್ತಾಗತದ," ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ.

"ಇಲ್ಲದವರ ಹೆಸರಿಲೆ ಅಕ್ಕಿ ಹಾಕೂದು ಯಾವಾಗಂತ ಗೊತ್ತದೇನು ನಿಮಗ?" ಎಂದಳು ಅವ್ವ. ದನಿ ಏರಿರಲಿಲ್ಲ. "ಸತ್ತವರ ಬಾಯಿಗಿ ಹಾಕ್ತಾರ. ನನ್ನ ಕೂಸು ಜೀವಂತ ಅದ. ನಾ ಹಾಕಂಗಿಲ್ಲ."

ಬಟ್ಟೆಯಿಂದ ತಲೆ ಹೊರಗೆ ತೆಗೆಯುವಷ್ಟರಲ್ಲಿ ಅವಳು ಗಂಟು ಕಟ್ಟಿಕೊಂಡು ಮೆಟ್ಟಿಲು ಇಳಿದಿದ್ದಳು. ಸಿನಿಮಾ ನಿಲ್ಲುವ ಹಾಗಿರಲಿಲ್ಲ. ಮಾಲಕ ಮೇಲಿನ ಮನೆಯಿಂದ ಹೆಂಡತಿಯನ್ನು ಕರೆದ. ಆಕೆ ಒಲೆಯ ಉರಿ ಸಣ್ಣ ಮಾಡಿ ಬಂದು, ಕೆಂಪು ಬಳೆ ತೊಟ್ಟು, ಸ್ಟುಡಿಯೋದ ಅಕ್ಕಿಯನ್ನು ಎರಚಿ, ಬ್ಯಾಳಿ ಸೀದೀತೆಂದು ಓಡಿದಳು. ಕೈ ಮಾತ್ರ ತೆಗೆದೆವು. ಸರೋವರದ ಎದುರು ಒಂದು ಕೈ, ಒಂದಿಷ್ಟು ಕಾಳು. ಯಾರ ಕೈಯಾದರೇನು, ಹಿರಿಯರಿಗೆ ಕಾಳು ಕಂಡರೆ ಸಾಕಿತ್ತು.

ರಿಸೆಪ್ಶನ್ನಿಗೆ ಯಾದಗಿರಿಯಿಂದ, ಸುರಪುರದಿಂದ, ಕಕ್ಕೇರಾದಿಂದ ಜನ ಬಂದಿದ್ದರು. ಕಟ್ಟೆಯ ಮೇಲೆ ಹಿಡಿಸದವರೆಲ್ಲ ಇಲ್ಲಿ ಊಟಕ್ಕೆ ಹಿಡಿಸಿದರು. ಮೈಕು ನನ್ನ ಕೈಯಲ್ಲಿತ್ತು. ಪರದೆಯ ಮೇಲೆ ಆ ಕೈ ಬಂದು ಕಾಳು ಬಿದ್ದಾಗ ಮುಂದಿನ ಸಾಲಿನ ಹಿರಿಯರೊಬ್ಬರು, ಬಿದ್ದಾವ ಬಿಡ್ರಿ ಎಂದು ಊಟಕ್ಕೆ ಎದ್ದರು. ಅವ್ವ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದಳು. ಸೆರಗಿನಲ್ಲಿ ಗಂಟು ಇತ್ತು. ಇವತ್ತಾದರೂ ಮದುಮಗಳು ಹಾಕಲು ಕರೆಯುತ್ತಾಳೆ ಎಂದು ತಂದಿದ್ದಳೆಂದು ನನಗೆ ಗೊತ್ತು.

ಮದುಮಗಳು ಅವ್ವನ ಕಾಲಿಗೆ ಬಾಗಿ, ಎದ್ದು, ತಬ್ಬಿಕೊಂಡಳು. ಕಣ್ಣಲ್ಲಿ ನೀರಿತ್ತು, ನಾಟಕವಾಗಿರಲಿಲ್ಲ. ಹಿಂದೆ ಸೋದರತ್ತೆ ನಿಂತಿದ್ದರು.

"ಅತ್ತಿ ಹೇಳ್ಯಾರವ್ವ," ಎಂದಳು. "ನನ್ನ ಸಲುವಾಗಿ ಸ್ಟುಡಿಯೋಕ್ಕ ಬಂದು ಕಾಳ ಹಾಕೀಯಂತ. ಸಿನಿಮಾದಾಗ ನಿನ್ನ ಕೈ ಭಾಳ ಛಂದ ಬಂದದ. ನೋಡಿದ ಕೂಡಲೇ ನಿಂದಂತ ಗುರುತು ಹಿಡದೆ."

ಅವ್ವ ಸೋದರತ್ತೆಯ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಆ ಹುಡುಗಿಯ ಮುಖವನ್ನೇ ನೋಡಿದಳು, ಎಲ್ಲೋ ಕಂಡ ಮುಖ ಯಾರದೆಂದು ನೆನಪಿಸಿಕೊಳ್ಳುವವರ ಹಾಗೆ. "ಆತು ಬಿಡವ್ವ, ಛಂದ ಬಂತಲ್ಲ," ಎಂದಳು. ಫೋಟೊಕ್ಕೆ ಒಂದು ಕ್ಷಣ ನಿಂತಳು, ಹಿಂದಿನವರಿಗೆ ದಾರಿ ಬಿಟ್ಟು ಇಳಿದಳು. ಊಟ ಮಾಡಲಿಲ್ಲ.

ಆಟೊದಲ್ಲಿ ಬರುವಾಗ, ಅದು ನಿನ್ನ ಕೈಯಲ್ಲವೆಂದು ಹೇಳಬೇಕಿತ್ತಲ್ಲ ಎಂದೆ.

"ಏನ್ ಹೇಳೂದೋ," ಎಂದಳು. "ಈ ಕೈಲೆ ಉಂಡು ಬೆಳದಾಳ. ಬ್ಯಾರೆಯವರ ಕೈ ನೋಡಿ ನಂದಂದ್ಲು. ಅದಕ್ಕ ನಾ ಏನ್ ಹೇಳ್ಲಿ."

ಮರುದಿನದಿಂದ ಅವ್ವ ಸಾಹುಕಾರರ ಮನೆಗೆ ಹೋಗಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದರು, ಕಾಲುವೆ ಬಂದ ಮೇಲೆ ವಲಸೆ ಬಂದು ಕ್ಯಾಂಪಿನಲ್ಲಿ ನೆಲೆಸಿದ ತೆಲುಗರ ಗದ್ದೆಗೆ ನೆಲ್ಲಿನ ಸಸಿ ಹಚ್ಚಲು ಹೋದಳು. ಸಾಹುಕಾರರು ಆಳು ಕಳಿಸಿ ಕೇಳಿದರು, ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದಳು. ನಾನು ಅವಳನ್ನು ನಗಿಸಲು ನೋಡಿದೆ. ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ನಿಂತು, ಸೋದರತ್ತೆಯ ದನಿ ತೆಗೆದು, ಅಕಿ ಅಲ್ಲಿಗಿ ಬಂದು ಏನ್ ಮಾಡ್ತಾಳ ಎಂದೆ. ನನ್ನ ಅತಿ ಒಳ್ಳೆಯ ಮಿಮಿಕ್ರಿಗಳಲ್ಲಿ ಅದೂ ಒಂದು, ಮೂಗುತಿ ಅಲುಗುವುದೂ ಕೇಳಿಸುವಂತಿತ್ತು.

ಅವ್ವ ತಿರುಗಿ ನೋಡದೆ, "ಆ ದನಿ ಈ ಮನ್ಯಾಗ ಬ್ಯಾಡ," ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿದಳು.